ಥರ್ಮಾಕೋಲ್ ಇಲ್ಲದ ವರ್ಷ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ನಾನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ಅಟೆಂಡೆನ್ಸ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕ್ಲಾಸಿನ ಬಾಗಿಲಿಗೆ ಬಂದರೆ ಸಾಕು, ಒಳಗೆ ಏನಾದರೊಂದು ಆಗಿಯೇ ಇರುತ್ತಿತ್ತು. ರಿಟೈರಾಗಿ ಒಂದು ವರ್ಷವಾಯಿತು. ಈಗ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತ ವಾಕ್ ಮಾಡುವಾಗ ಒಬ್ಬಳೇ ನಗುತ್ತೇನೆ. ಎದುರು ಬರುವವರು ನನ್ನ ಕಿವಿಯಲ್ಲಿ ಫೋನಿನ ವೈರು ಹುಡುಕುತ್ತಾರೆ. ವೈರೂ ಇಲ್ಲ, ಫೋನೂ ಇಲ್ಲ. ನನಗೆ ನೆನಪಾಗುತ್ತಿರುವುದು ಕೆಲಸದ ಕೊನೆಯ ವರ್ಷ, "ನಿಮಗಿಷ್ಟವಾದ ವಿಷಯ ನೀವೇ ಆರಿಸಿಕೊಂಡು ಪ್ರಾಜೆಕ್ಟ್ ಮಾಡಿ" ಎಂದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿ ನಾನು ಸಿಕ್ಕಿಹಾಕಿಕೊಂಡ ವರ್ಷ.

ಒಂಬತ್ತು ಮಾರ್ಕಿನ ಜ್ವಾಲಾಮುಖಿ

ಶುರುವಾದದ್ದು ಜಯನಗರದ ಒಂದು ಸ್ಟೇಷನರಿ ಅಂಗಡಿಯಲ್ಲಿ. ಕೆಂಪು ರೀಫಿಲ್ ತರಲು ಹೋಗಿದ್ದೆ. ಕೌಂಟರಿನ ಹಿಂದೆ ಥರ್ಮಾಕೋಲಿನ ಜ್ವಾಲಾಮುಖಿ, ಜಲಚಕ್ರ, ಸೌರಮಂಡಲಗಳು ಪ್ಲಾಸ್ಟಿಕ್ ಕವರು ಹೊದ್ದು ಸಾಲಾಗಿ ಕೂತಿದ್ದವು. ನಾನು ಅವನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯವರು, "ಮೊಮ್ಮಗೂಗಾ ಮೇಡಂ? ಯಾವ ಸ್ಕೂಲು?" ಎಂದರು. ಕುತೂಹಲಕ್ಕೆ ನಮ್ಮ ಸ್ಕೂಲಿನ ಹೆಸರನ್ನೇ ಹೇಳಿದೆ.

ಅವರು ಮುಂದಕ್ಕೆ ಬಗ್ಗಿ ದನಿ ತಗ್ಗಿಸಿದರು. "ಹಂಗಾದ್ರೆ ಕಣ್ಮುಚ್ಕೊಂಡು ಜ್ವಾಲಾಮುಖಿ ತಗೊಳ್ಳಿ. ಅಲ್ಲಿ ಸೋಶಿಯಲ್ ಮೇಡಂ ಒಬ್ರಿದಾರೆ, ಜ್ವಾಲಾಮುಖಿಗೆ ಹತ್ತಕ್ಕೆ ಒಂಬತ್ತು ಗ್ಯಾರಂಟಿ. ಜಲಚಕ್ರಕ್ಕೆ ಏಳು ದಾಟ್ಸಲ್ಲ. ಆವಮ್ಮ ಒಳಗಡೆ ಏನೂ ನೋಡಲ್ಲ, ಬಣ್ಣ ಚೆನ್ನಾಗಿದ್ರೆ ಸಾಕು."

ಆವಮ್ಮ ಎಂದರೆ ನಾನೇ. ಮೊದಲು ಸಿಟ್ಟು ಬಂತು. ಆಟೋದಲ್ಲಿ ಕೂತ ಮೇಲೆ, ಆತ ಹೇಳಿದ್ದು ಅಕ್ಷರಶಃ ನಿಜವೆಂದು ಗೊತ್ತಾಗಿ ನಾಚಿಕೆಯೂ ಆಯಿತು. ನಾನು ಓದುವಾಗ ಪ್ರಾಜೆಕ್ಟ್ ಎಂಬ ಮಾತೇ ಇರಲಿಲ್ಲ. ನಮ್ಮ ಮೇಷ್ಟ್ರು ಯಡಿಯೂರು ಕೆರೆ ದಡಕ್ಕೆ ಕರೆದುಕೊಂಡು ಹೋಗಿ, "ಏನ್ ಕಾಣ್ಸುತ್ತೋ ಬರೀರಿ" ಎಂದು ಹೇಳಿ ಮರದ ಕೆಳಗೆ ಕೂತುಬಿಡುತ್ತಿದ್ದರು. ಒಬ್ಬಳು ಕೊಕ್ಕರೆ ಬರೆಯುತ್ತಿದ್ದಳು, ಒಬ್ಬಳು ಬಟ್ಟೆ ಒಗೆಯುವವರ ಜಗಳ ಬರೆಯುತ್ತಿದ್ದಳು. ಆ ಸುಖ ಇವತ್ತಿಗೂ ಮರೆತಿಲ್ಲ. ನನ್ನ ಮಕ್ಕಳಿಗೆ ಅದು ಒಂದು ಸಲವಾದರೂ ಸಿಗಬೇಕು ಎನ್ನಿಸಿತು.

ಮಾರನೇ ದಿನವೇ ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತೆ. ಎಲ್ಲರ ಬಾಯಲ್ಲೂ ಅವರು ಎಚ್ಚೆಮ್ ಮೇಡಂ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ವರ್ಷ ನೋಡೋಣ. ಮೂರು ಕಂಪ್ಲೇಂಟ್ ಬಂತೋ, ಅಲ್ಲಿಗೆ ಮುಗೀತು. ಮತ್ತೆ ಥರ್ಮಾಕೋಲೇ" ಎಂದರು. ನನಗೆ ಇದ್ದದ್ದೇ ಒಂದು ವರ್ಷ. ಇದು ನಿಂತರೆ ನನ್ನ ಹಿಂದೆ ಇನ್ಯಾರೂ ಶುರು ಮಾಡುವುದಿಲ್ಲ ಎಂದು ಗೊತ್ತಿತ್ತು. ನಾನು ಥ್ಯಾಂಕ್ಸ್ ಹೇಳಿ ಬಾಗಿಲು ದಾಟುವಷ್ಟರಲ್ಲಿ ಅವರು ಹೊಸದೊಂದು ನೋಟ್‌ಬುಕ್ ತೆಗೆದು, ಒಂದು, ಎರಡು, ಮೂರು ಎಂದು ನಂಬರು ಹಾಕಿ ಇಟ್ಟುಕೊಂಡಾಗಿತ್ತು.

ಚೊಂಬಿನ ಚಾರ್ಟು

ಬೇಸಿಗೆ ಮುಗಿದು ಸ್ಕೂಲು ಶುರುವಾದರೂ ಮಳೆ ಬಂದಿರಲಿಲ್ಲ. ಬೋರ್‌ವೆಲ್‌ಗಳು ಬತ್ತಿ, ಊರೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿತ್ತು. ಬಿಟಿಎಂ ಲೇಔಟಿನಿಂದ ಬರುತ್ತಿದ್ದ ಒಬ್ಬ ಹುಡುಗಿ "ನಮ್ಮ ಮನೆಯಲ್ಲಿ ಯಾರು ಎಷ್ಟು ನೀರು ಖರ್ಚು ಮಾಡುತ್ತಾರೆ" ಎಂಬ ವಿಷಯ ತೆಗೆದುಕೊಂಡಳು. ಬಚ್ಚಲಮನೆಯ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಒಳಗೆ ನೀರು ಸುರಿದುಕೊಳ್ಳುವ ಸದ್ದು ಎಣಿಸಿ, ದಿನವೂ ಚಾರ್ಟಿನಲ್ಲಿ ತುಂಬಿಸುತ್ತಿದ್ದಳು. ಚಾರ್ಟನ್ನು ಎಲ್ಲರಿಗೂ ಕಾಣಲೆಂದು ಹಾಲಿನ ಗೋಡೆಗೆ ಅಂಟಿಸಿದ್ದಳು.

ಒಂದು ಭಾನುವಾರ ಅವಳ ಚಿಕ್ಕಪ್ಪನನ್ನು ನೋಡಲು ಹೆಣ್ಣಿನ ಕಡೆಯವರು ಬಂದರು. ಮನೆಯವರು ಸೋಫಾ ಕವರು ಬದಲಾಯಿಸಿದರು, ಕೇಸರಿಬಾತ್ ಮಾಡಿದರು, ಗೋಡೆಯ ಕಡೆ ಮಾತ್ರ ನೋಡಲಿಲ್ಲ. ಹೆಣ್ಣಿನ ತಂದೆ ಕನ್ನಡಕ ಹಾಕಿಕೊಂಡು ಚಾರ್ಟನ್ನು ಓದುತ್ತಾ ಹೋದರು. "ತಾತ ಹದಿನಾಲ್ಕು ಚೊಂಬು. ಅಪ್ಪ ಇಪ್ಪತ್ತು ಚೊಂಬು. ಚಿಕ್ಕಪ್ಪ: ಸೋಮವಾರ ಸ್ನಾನ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಇಲ್ಲ, ಸೆಂಟು ಮಾತ್ರ."

ಸೋಮವಾರ ಚಿಕ್ಕಪ್ಪ ಸ್ಕೂಲಿಗೆ ಬಂದರು. "ಮೇಡಂ, ನೀವು ಪಾಠ ಮಾಡ್ತೀರೋ ಮದ್ವೆ ಮುರೀತೀರೋ? ಅವ್ರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೋದ್ರು!" ಎಚ್ಚೆಮ್ ಮೇಡಂ ಒಂದನೇ ನಂಬರಿನ ಮುಂದೆ ಎಲ್ಲವನ್ನೂ ಬರೆದುಕೊಂಡರು.

ಶುಕ್ರವಾರ ಅದೇ ಚಿಕ್ಕಪ್ಪ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದರು. ಹೆಣ್ಣಿನ ತಂದೆ ಫೋನ್ ಮಾಡಿದ್ದರಂತೆ: "ನಮ್ಮನೇಲಿ ನಾಕು ದಿನಕ್ಕೊಂದ್ಸಲ ಟ್ಯಾಂಕರ್ ಬರುತ್ತೆ. ಯೋಚ್ನೆ ಮಾಡಿ ನೋಡ್ದೆ, ಈ ಕಾಲಕ್ಕೆ ಇಂಥ ಅಳಿಯಾನೇ ಸರಿ."

"ಹಾಗಿದ್ರೆ ಆ ಕಂಪ್ಲೇಂಟ್ ಹೊಡೆದುಹಾಕಿ ಮೇಡಂ" ಎಂದೆ ನಾನು. ಎಚ್ಚೆಮ್ ಮೇಡಂ ಮೈಸೂರುಪಾಕ್ ಬಾಯಿಗೆ ಹಾಕಿಕೊಂಡು ಹೇಳಿದರು: "ಆಗಲ್ಲ ಮೇಡಂ, ಪೆನ್ನಲ್ಲಿ ಬರ್ದ್‌ಬಿಟ್ಟಿದೀನಿ."

ಹದಿಮೂರನೇ ನಿಮಿಷ

ಇದು ದೂರಿನ ಪುಸ್ತಕಕ್ಕೆ ಹೋಗಲಿಲ್ಲ, ಏಕೆಂದರೆ ದೂರು ಕೊಡಬೇಕಾಗಿದ್ದವಳು ನಾನೇ. ಕೊನೆಯ ಬೆಂಚಿನ ಒಬ್ಬ ಹುಡುಗ "ಕ್ಲಾಸಿನಲ್ಲಿ ನಿದ್ದೆ" ಎಂಬ ವಿಷಯ ಆರಿಸಿಕೊಂಡು, ಯಾವ ಪೀರಿಯಡ್ಡಿನಲ್ಲಿ ಯಾರು ಎಷ್ಟು ಹೊತ್ತಿಗೆ ತೂಕಡಿಸುತ್ತಾರೆಂದು ಒಂದು ತಿಂಗಳು ಬರೆದಿಟ್ಟು, ಗ್ರಾಫ್ ಹಾಳೆಯಲ್ಲಿ ಬಹಳ ಅಚ್ಚುಕಟ್ಟಾಗಿ ತೋರಿಸಿದ. ಗಣಿತದಲ್ಲಿ ಗೆರೆ ನೆಲ ಬಿಟ್ಟು ಏಳಲಿಲ್ಲ. ಇಂಗ್ಲಿಷಿನಲ್ಲಿ ಸ್ವಲ್ಪ ಎದ್ದಿತು. ಊಟದ ನಂತರದ ಒಂದು ಪೀರಿಯಡ್ಡಿನಲ್ಲಿ ಮಾತ್ರ ಹಾಳೆಯ ಮೇಲಂಚಿಗೇ ಹೋಗಿ ಮುಟ್ಟಿತ್ತು.

"ಇದು ಯಾರ ಪೀರಿಯಡ್ಡೋ?"

"ನಿಮ್ದೇ ಮೇಡಂ. ಹದಿಮೂರನೇ ನಿಮಿಷಕ್ಕೆ ಶುರುವಾಗುತ್ತೆ."

ಸಾವರಿಸಿಕೊಂಡು ಕೇಳಿದೆ. "ಇಷ್ಟೆಲ್ಲ ಬರ್ಕೊಂಡಿದೀಯ ಅಂದ್ರೆ ನೀನಾದ್ರೂ ಎಚ್ಚರ ಇದ್ದೆ ತಾನೆ?"

"ಹೌದು ಮೇಡಂ" ಎಂದ, ಬೇಸರದಿಂದ. "ಪ್ರಾಜೆಕ್ಟ್ ಇತ್ತಲ್ಲ, ಒಂದ್ ತಿಂಗಳು ತುಂಬಾ ಕಷ್ಟ ಆಯ್ತು."

ಸೊಪ್ಪಿನ ಕೂಗು

ನಾನು ಚಿಕ್ಕವಳಿದ್ದಾಗ ಬೀದಿಯಲ್ಲಿ ಗಡಿಯಾರವೇ ಬೇಕಿರಲಿಲ್ಲ. ಹಾಲಿನವನ ಕೂಗಿಗೆ ಏಳುತ್ತಿದ್ದೆವು, ಹೂವಿನವಳ ಕೂಗಿಗೆ ದೀಪ ಹಚ್ಚುತ್ತಿದ್ದೆವು. ಪಾತ್ರೆಗೆ ಕಲಾಯಿ ಹಾಕುವವನು ಬಂದರೆ ಬೇಸಿಗೆ ರಜೆ ಬಂತೆಂದೇ ಲೆಕ್ಕ. ಈಗ ಎಲ್ಲವೂ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ, ಯಾರೂ ಕೂಗುವುದಿಲ್ಲ. ಅದಕ್ಕೇ ಯಡಿಯೂರಿನ ಒಬ್ಬ ಹುಡುಗ "ನಮ್ಮ ಬೀದಿಯ ಕೂಗುಗಳು" ಎಂಬ ವಿಷಯ ಹೇಳಿದಾಗ ನನಗೆ ಅವನನ್ನು ಎತ್ತಿ ಮುದ್ದಾಡಬೇಕೆನ್ನಿಸಿತು. ಅಳಿದುಳಿದ ಕೂಗುಗಳನ್ನೆಲ್ಲ ಅವನು ರೆಕಾರ್ಡ್ ಮಾಡಿಕೊಂಡು, ಅಣ್ಣನ ಸ್ಪೀಕರಿನ ಸಮೇತ ಕ್ಲಾಸಿಗೆ ಬಂದ.

ಕ್ಲಾಸಿನ ಕಿಟಕಿ ಬೀದಿಗೆ ತೆರೆದಿತ್ತು. ಅವನು ಜೋರಾಗಿ ಹಾಕಿದ: "ದಂಟೂ, ಮೆಂತ್ಯಾ, ಪಾಲಕ್, ಸಬ್ಬಸ್ಕೀ ಸೊಪ್ಪೂ..." ಮಕ್ಕಳು ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಹಾಕೆಂದೆ. ಮತ್ತೊಮ್ಮೆ ಹಾಕಿಸಿದೆ. ತಪ್ಪು ನನ್ನದೇ.

ಹೊರಗೆ ನೋಡಿದರೆ ಗೇಟಿನ ಮುಂದೆ ಬುಟ್ಟಿ, ಬ್ಯಾಗು ಹಿಡಿದುಕೊಂಡ ಏಳೆಂಟು ಮಂದಿ ಸೇರಿದ್ದರು. ಎದುರುಮನೆ ಆಂಟಿ ಒಲೆ ಮೇಲಿನ ಬೇಳೆ ಬಿಟ್ಟು ಓಡಿಬಂದಿದ್ದರಂತೆ. "ಸೊಪ್ಪೆಲ್ರೀ? ಮೂರ್ ಸಲ ಕೂಗಿದ್ದು ಕೇಳ್ಸಿದೆ, ಗಾಡಿ ಎಲ್ಲಿ ಬಚ್ಚಿಟ್ಟಿದೀರ?" ಅವರ ಬೇಳೆ ಸೀದುಹೋಗಿತ್ತು. ಎರಡನೇ ನಂಬರೂ ತುಂಬಿತು.

ಜನ ಗೊಣಗುತ್ತಾ ಚದುರುವ ಹೊತ್ತಿಗೆ ಬೀದಿಯ ತುದಿಯಿಂದ ನಿಜವಾದ ಸೊಪ್ಪಿನ ಅಕ್ಕ ಗಾಡಿ ತಳ್ಳಿಕೊಂಡು ಓಡೋಡಿ ಬಂದರು. ನಮ್ಮ ಕಿಟಕಿಯ ಕೆಳಗೆ ನಿಂತು ಏದುಸಿರು ಬಿಡುತ್ತಾ ಕೇಳಿದರು: "ಏನ್ ಮೇಡಂ ಇದು, ನಾನ್ ಬರೋಕ್ಮುಂಚೇನೇ ನಾನು ಬಂದ್‌ಬಿಟ್ಟಿದೀನಿ?"

ತಾತನ ಹೊಲ

ಇನ್ನು ಉಳಿದಿದ್ದದ್ದು ಒಂದೇ ದೂರು. ಫೆಬ್ರವರಿವರೆಗೆ ಹೇಗೋ ತಳ್ಳಿದೆ. ಆಗ ಕೋಣನಕುಂಟೆಯ ಒಬ್ಬ ಹುಡುಗಿ ತನ್ನ ಪ್ರಾಜೆಕ್ಟಿನ ಹೆಸರು ಹೇಳಿದಳು: "ನಮ್ಮ ತಾತನ ರಾಗಿ ಹೊಲ ಈಗ ಎಲ್ಲಿದೆ?" ಹೊಲ ಮಾರಿ ಎಷ್ಟೋ ವರ್ಷವಾಗಿತ್ತು. ತಾತ ಈಗ ಮೂರು ಮಹಡಿಯ ಮನೆ ಬಾಡಿಗೆಗೆ ಕೊಟ್ಟುಕೊಂಡು ಸುಖವಾಗಿದ್ದರು. ಹೊಲದ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಎದ್ದಿತ್ತು. ನಮ್ಮ ಕ್ಲಾಸಿನ ಹುಡುಗನೊಬ್ಬನ ಮನೆ ಅದರೊಳಗೇ ಇದ್ದುದರಿಂದ ಅವನ ತಾಯಿಯಿಂದ ಒಪ್ಪಿಗೆ ಪಡೆದು, ಒಂದು ಶನಿವಾರ ತಾತನನ್ನೂ ಹನ್ನೆರಡು ಮಕ್ಕಳನ್ನೂ ಕರೆದುಕೊಂಡು ಗೇಟಿನ ಮುಂದೆ ನಿಂತೆ.

ಸೆಕ್ಯುರಿಟಿಯವನು ಬಂದವರನ್ನು ದಾಖಲಿಸುವ ಫೋನು ಹಿಡಿದುಕೊಂಡು ಬಂದ. "ಯಾರ್ ಮನೆಗೆ ಸಾರ್?"

"ಮನೆಗಲ್ಲಪ್ಪಾ, ನಮ್ ಹೊಲಕ್ಕೆ" ಎಂದರು ತಾತ.

"ಫ್ಲಾಟ್ ನಂಬರ್ ಹೇಳಿ ಸಾರ್."

"ಸರ್ವೆ ನಂಬರ್ ಐತೆ. ಆಗುತ್ತಾ?"

ಅವನು ಫೋನಿನಲ್ಲಿ ಹುಡುಕಿದ. "ಗೆಸ್ಟು, ಡೆಲಿವರಿ, ಕ್ಯಾಬು, ರಿಪೇರಿ, ಇಷ್ಟೇ ಸಾರ್ ಇರೋದು. ಹೊಲ ಅಂತ ಇಲ್ಲ." ಕೊನೆಗೆ ಹುಡುಗನ ತಾಯಿಗೆ ಫೋನ್ ಹೋಗಿ, ತಾತನನ್ನು ರಿಪೇರಿಯವರೆಂದು ಬರೆದು ಒಳಗೆ ಬಿಟ್ಟ.

ಒಳಗೆ ಹೋಗಿದ್ದೇ ತಾತನ ಮುಖ ಬದಲಾಯಿತು. ಕಾಂಪೌಂಡಿನ ಮೂಲೆಯಲ್ಲಿ ಹಳೆಯ ಹೊಂಗೆ ಮರ ಒಂದು ಉಳಿದಿತ್ತು. ಅದರ ಬುಡದಿಂದ ಹೆಜ್ಜೆ ಎಣಿಸಿಕೊಂಡು ನೆಟ್ಟಗೆ ನಡೆದುಬಿಟ್ಟರು. ಅವರ ನೆನಪಿನಲ್ಲಿದ್ದ ಹೊಲದ ಬದು ಹೋದ ದಾರಿಯಲ್ಲೇ ಅವರೂ ಹೋದರು. ಹುಲ್ಲಿನ ಮೇಲೆ ನಡೆಯಬಾರದೆಂಬ ಬೋರ್ಡನ್ನು ದಾಟಿದರು. ಹೂವಿನ ಪಾತಿ ದಾಟಿದರು. ಬದು ಕ್ಲಬ್‌ಹೌಸಿನ ಒಳಗೆ ಹೋಗುತ್ತಿತ್ತು. ಅಲ್ಲಿ ಯೋಗದ ಕ್ಲಾಸಿನವರು ಕಣ್ಣು ಮುಚ್ಚಿ ಶವಾಸನದಲ್ಲಿ ಮಲಗಿದ್ದರು. ತಾತ ಪಂಚೆ ಎತ್ತಿ ಕಟ್ಟಿ, ಅವರ ನಡುವೆ ಒಂದೊಂದೇ ಹೆಜ್ಜೆ ಇಡುತ್ತಾ, "ತೊಂಬತ್ನಾಕು, ತೊಂಬತ್ತೈದು" ಎಂದು ಎಣಿಸುತ್ತಾ ಸಾಗಿದರು. ಹಿಂದೆ ಟೇಪು ಹಿಡಿದ ಹನ್ನೆರಡು ಮಕ್ಕಳು. ಎಲ್ಲರ ಹಿಂದೆ, ಮಲಗಿದ್ದವರಿಗೆಲ್ಲ ಸಾರಿ ಸಾರಿ ಎನ್ನುತ್ತಾ ನಾನು.

ಕಾರುಗಳು ಬೇಸ್‌ಮೆಂಟಿಗೆ ಇಳಿಯುವ ಜಾಗದಲ್ಲಿ ತಾತ ನಿಂತು ಕಾಲಿನಿಂದ ನೆಲ ತಟ್ಟಿದರು. "ಇಲ್ಲಿ ಕಾಲುವೆ ಇತ್ತು. ಕೆರೆ ತುಂಬಿದ್ರೆ ಹೆಚ್ಚಿನ ನೀರು ಇಲ್ಲೇ ಹರೀತಿತ್ತು. ಬರ್ಕೊಳ್ಳವ್ವಾ." ಮೊಮ್ಮಗಳು ನಕ್ಷೆಯಲ್ಲಿ ನೀಲಿ ಗೆರೆ ಎಳೆದಳು. ಅಷ್ಟರಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಕೆಂಪಗಾಗಿ ಓಡಿಬಂದರು. ನಮ್ಮ ಫೋಟೋ ತೆಗೆದರು, ನಕ್ಷೆಯದನ್ನೂ ತೆಗೆದರು. "ಯಾವ ಸ್ಕೂಲು ನಿಮ್ದು? ಸೋಮವಾರ ಬೆಳಿಗ್ಗೆ ನಿಮ್ ಎಚ್ಚೆಮ್ ಮುಂದೆ ಇರ್ತೀನಿ ನಾನು!"

ಭಾನುವಾರ ನನಗೆ ಊಟ ಸೇರಲಿಲ್ಲ. ನನ್ನ ಕೆಲಸದ ಚಿಂತೆಯಲ್ಲ, ಅದು ಮುಗಿಯುತ್ತಾ ಬಂದಿತ್ತು. ಮುಂದಿನ ವರ್ಷದ ಮಕ್ಕಳು ಮತ್ತೆ ಆ ಅಂಗಡಿಗೆ ಹೋಗಿ ಜ್ವಾಲಾಮುಖಿ ಕೊಳ್ಳುತ್ತಾರಲ್ಲ ಎಂದು ಅಳು ಬಂತು.

ಸೋಮವಾರ ಹೋದಾಗ ಸೆಕ್ರೆಟರಿ ಆಗಲೇ ಕೂತಿದ್ದರು. ಹುಡುಗಿಯನ್ನೂ ತಾತನನ್ನೂ ಕರೆಸಿದ್ದರು. ಎಚ್ಚೆಮ್ ಮೇಡಂ ಮೂರನೇ ನಂಬರಿನ ಮೇಲೆ ಪೆನ್ನು ಊರಿಕೊಂಡಿದ್ದರು. ಸೆಕ್ರೆಟರಿ ಫೋನಿನಲ್ಲಿದ್ದ ನಕ್ಷೆಯ ಫೋಟೋ ಮುಂದೆ ಹಿಡಿದರು. ದನಿ ಮೆತ್ತಗಿತ್ತು. "ಮೇಡಂ, ಪ್ರತಿ ಮಳೆಗಾಲ ನಮ್ ಬೇಸ್‌ಮೆಂಟಲ್ಲಿ ನೀರು ತುಂಬುತ್ತೆ. ಯಾರ್ಯಾರೋ ಎಕ್ಸ್‌ಪರ್ಟ್ಸ್ ಬಂದು ರಿಪೋರ್ಟ್ ಕೊಟ್ಟು ಹೋದ್ರು. ಮೊದಲು ನೀರು ಬರೋದು ಎಲ್ಲಿಂದ ಗೊತ್ತಾ? ಕರೆಕ್ಟಾಗಿ ಈ ಹುಡುಗಿ ನೀಲಿ ಗೆರೆ ಎಳೆದಿರೋ ಕಡೆಯಿಂದ. ಇದ್ರದ್ದೊಂದು ದೊಡ್ಡ ಕಾಪಿ ಬೇಕಿತ್ತು. ತಾತ, ಈ ನೀರು ಯಾಕೆ ಹಿಂಗೆ ಮಾಡುತ್ತೆ?"

ತಾತ ನಿಧಾನವಾಗಿ ಹೇಳಿದರು: "ನೀರಿಂದೇನೂ ತಪ್ಪಿಲ್ಲ ಸಾಮಿ. ಅದು ಅದ್ರ ದಾರೀಲಿ ಬತ್ತೈತೆ. ಅಲ್ಲಿ ಕಾರು ನಿಲ್ಸಿರೋರು ನೀವು."

ಎಚ್ಚೆಮ್ ಮೇಡಂ ನೋಟ್‌ಬುಕ್ ಮುಚ್ಚಿ ಡ್ರಾಯರಿಗೆ ಹಾಕಿ, ಸೆಕ್ರೆಟರಿಯ ಕಡೆ ತಿರುಗಿ ನಕ್ಕರು. "ನಮ್ ಸ್ಕೂಲಲ್ಲಿ ಇಂಥ ಪ್ರಾಜೆಕ್ಟ್‌ಗೆ ಮೊದಲಿಂದ್ಲೂ ನಾನೇ ಪ್ರೋತ್ಸಾಹ ಕೊಡ್ತಾ ಬಂದಿದೀನಿ ಸಾರ್. ಮುಂದಿನ ವರ್ಷದಿಂದ ಎಂಟನೇ ಕ್ಲಾಸಿಗೂ ಮಾಡ್ತಿದೀವಿ." ಸಂತೋಷ ತಡೆಯಲಾಗದೆ ನಾನು ತಾತನಿಗೆ ಕೈ ಮುಗಿದೆ.

ಎಲ್ಲರೂ ಹೋದ ಮೇಲೆ ತಾತ ಮಾತ್ರ ಕಾರಿಡಾರಿನಲ್ಲಿ ನಿಂತಿದ್ದರು. ಟವೆಲ್ಲು ಹೆಗಲಿಂದ ಇಳಿಸಿ, ಮತ್ತೆ ಹಾಕಿಕೊಂಡು, "ಟೀಚರಮ್ಮ, ನಂಗೆಷ್ಟು ಬಂತು?" ಎಂದರು.

"ಏನು ತಾತ?"

"ಮಾರ್ಕ್ಸು. ಎಮ್ಮೆ ಕಾಯೋಕಂತ ಮೂರನೇ ಕ್ಲಾಸಿಗೇ ಬಿಡ್ಸಿದ್ರು ನನ್ನ. ಆ ಹೊಲದಲ್ಲೇ ಕಾಯ್ತಿದ್ದೆ. ಆವತ್ತಿಂದ ಯಾರೂ ಹಾಕಿಲ್ಲ."

ಒಂದು ಹಾಳೆ ಹರಿದು, ಅವರ ಹೆಸರು ಕೇಳಿ ಬರೆದು, ಹತ್ತಕ್ಕೆ ಹತ್ತು ಹಾಕಿ ಕೆಂಪು ಶಾಯಿಯಲ್ಲಿ ಸೈನ್ ಮಾಡಿ ಕೊಟ್ಟೆ. ಅವರು ಅದನ್ನು ಎರಡು ಸಲ ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಎರಡು ಹೆಜ್ಜೆ ಹೋಗಿ ವಾಪಸ್ ಬಂದರು.

"ಮೊಮ್ಮಗಳ್ಗೆ?"

"ಒಂಬತ್ತೂವರೆ. ನಕ್ಷೆಯಲ್ಲಿ ಉತ್ತರ ದಿಕ್ಕು ತೋರ್ಸೋದು ಮರ್ತಿದಾಳೆ."

ತಾತ ತಲೆಯಾಡಿಸಿ, ಯಾರಿಗೂ ಕೇಳಿಸಬಾರದೆಂಬಂತೆ ಹತ್ತಿರ ಬಂದು ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಟೀಚರಮ್ಮ. ಓದೋದ್ರಲ್ಲಿ ಸ್ವಲ್ಪ ಹಿಂದೆ ಅವ್ಳು. ಸಂಜೆ ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ."