ಸವೆಯದ ಟೈರಿನ ಹೆಮ್ಮೆ

ನನ್ನ ವಯಸ್ಸಿನ ಹೆಂಗಸರಿಗೆ ಭಜನೆಯೋ, ಹೂವಿನ ಗಿಡವೋ, ಮೊಣಕಾಲು ನೋವೋ ಒಂದಿದ್ದರೆ ನೆಂಟರಿಷ್ಟರಿಗೆಲ್ಲ ಸಮಾಧಾನ. ಫ್ರ್ಯಾಂಕ್ ಆಗಿ ಹೇಳಿಬಿಡುತ್ತೇನೆ, ನನಗಿರುವುದು ಕಾರ್ ರೇಸಿನ ಹುಚ್ಚು. ರೇಸ್ ಇರುವ ಭಾನುವಾರ ನನ್ನ ಪುಟ್ಟ ಕೆಂಪು ಕಾರನ್ನು ಹೊನ್ನಾವರದಿಂದ ಭಟ್ಕಳದವರೆಗೆ ನಾನೇ ಓಡಿಸಿಕೊಂಡು ಸಫಿಯಾಳ ಮನೆಗೆ ಹೋಗುತ್ತೇನೆ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮರಳುತ್ತೇನೆ. ಸಫಿಯಾ ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್. ದುಬೈಯಲ್ಲಿರುವ ಅವಳ ಮಗ ರಜೆಗೆ ಬಂದಾಗ ಗೋಡೆಯಗಲದ ಟಿವಿ ತಂದಿಟ್ಟು ಹೋದ. ಅಮ್ಮ ಅಡುಗೆ ಕಾರ್ಯಕ್ರಮ ನೋಡಲಿ ಎಂದು ಅವನ ಆಸೆ. ಒಂದು ಸಂಜೆ ನಾವು ರಿಮೋಟಿನ ಯಾವುದೋ ಗುಂಡಿ ಒತ್ತಿದೆವು, ರೇಸ್ ಬಂತು. ಅಡುಗೆ ಅಂದಿಗೇ ಹಿಂದೆ ಬಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಆ ಕಾರುಗಳ ಟೈರುಗಳು ಬೇಗ ಸವೆಯಲಿ ಎಂದೇ ಮಾಡಿದಂಥವು. ಕೆಲವು ಸುತ್ತುಗಳಲ್ಲೇ ಹಿಡಿತ ಬಿಡುತ್ತವೆ. ಆಗ ಟ್ರ್ಯಾಕಿನ ಬದಿಯ ಶೆಡ್ಡಿಗೆ ಬಂದು ಬದಲಾಯಿಸಿಕೊಳ್ಳಬೇಕು, ಇಲ್ಲವೇ ಹಸುಗೂಸನ್ನು ಎತ್ತಿಕೊಂಡವರ ಹಾಗೆ ನಾಜೂಕಾಗಿ ಓಡಿಸಬೇಕು. ಇದರಿಂದ ರೇಸಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದೇ ನಮ್ಮಿಬ್ಬರ ಜಗಳ.

“ಅಲ್ಲ ಸುಶೀಲಾ, ದುನಿಯಾದಲ್ಲೇ ಜೋರು ಓಡಿಸುವವರನ್ನ ಆರಿಸಿ ತರೂದು, ಆಮೇಲೆ ‘ಟೈರ್ ಹಾಳಾಗ್ತದೆ, ಮೆಲ್ಲಗೆ ಹೋಗು’ ಅಂತ ಕಿವಿಯಲ್ಲಿ ಹೇಳೂದು. ಇದೆಂತ ರೇಸು?” ಎನ್ನುತ್ತಾಳೆ ಸಫಿಯಾ. “ಮತ್ತೆ ಬದಿಗೆಲ್ಲ ಆ ರಬ್ಬರ್ ಚೂರು ಉದುರಿ ಬಿದ್ದಿರ್ತದೆ. ಹಿಂದಿನವ ಮುಂದೆ ಹೋಗ್ಲಿಕ್ಕೆ ಅಂತ ಬದಿಗೆ ಬಂದ್ರೆ ಜಾರ್ತಾನೆ. ಇದಕ್ಕಿಂತ ನಮ್ಮ ಮೀನಿನ ಟೆಂಪೋದವರೇ ಅಡ್ಡಿಲ್ಲ.”

ನನ್ನ ವಾದ ಬೇರೆ. ಟೈರ್ ಸವೆಯದಿದ್ದರೆ ದೊಡ್ಡ ಎಂಜಿನ್ ಮುಂದೆ, ಸಣ್ಣದು ಹಿಂದೆ, ಮದುವೆ ದಿಬ್ಬಣದ ಗಾಡಿಗಳ ಹಾಗೆ ಸಾಲಾಗಿ ಹೋಗಿಬಿಡುತ್ತವೆ. ಹೊಸ ಟೈರಿನಲ್ಲಿ ಯಾರು ಬೇಕಾದರೂ ಓಡಿಸಿಯಾರು. ಸವೆದದ್ದನ್ನು ಇನ್ನೂ ನಾಲ್ಕು ಸುತ್ತು ಬಾಳಿಸುವವನೇ ಡ್ರೈವರ್. “ಬಾಳಿಸೂದರ ಬಗ್ಗೆ ನನ್ನ ಹತ್ರ ಕೇಳು” ಎಂದು ಸೇರಿಸುವುದನ್ನು ನಾನು ಒಂದು ಸಲವೂ ಮರೆತದ್ದಿಲ್ಲ.

ಯಾಕೆಂದರೆ ನನ್ನ ಕಾರಿನ ಟೈರುಗಳಿಗೆ ಹನ್ನೊಂದು ವರ್ಷ. ಇವರು ಹಾಕಿಸಿದ್ದು. ನನಗೆ ಡ್ರೈವಿಂಗ್ ಕಲಿಸಿದವರೂ ಇವರೇ. ನಮ್ಮೂರ ಪಕ್ಕದ ಕಾಸರಕೋಡಿನ ಖಾಲಿ ರಸ್ತೆಯಲ್ಲಿ, ಸಮುದ್ರದ ಗಾಳಿಗೆ ನನ್ನ ಸೆರಗು ಇವರ ಮುಖಕ್ಕೆ ಬಡಿಯುತ್ತಿದ್ದರೂ ಒಂದು ಗಟ್ಟಿ ಮಾತಾಡದೆ. ಈಗ ಇವರಿಲ್ಲ, ಪಕ್ಕದ ಸೀಟಿನಲ್ಲಿ ನನ್ನ ಹ್ಯಾಂಡ್‌ಬ್ಯಾಗ್ ಕೂರುತ್ತದೆ. ಟೈರಿನ ಗೀರುಗಳು ಮಾತ್ರ ಅಂಗಡಿಯಿಂದ ಬಂದ ದಿನದ ಹಾಗೇ ಆಳವಾಗಿವೆ. ಇದಕ್ಕೆ ನನ್ನ ಹಗುರ ಕೈ ಒಂದು ಕಾರಣವಾದರೆ, ಇನ್ನೊಂದು ತೆಂಗಿನೆಣ್ಣೆ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಉಪ್ಪುಗಾಳಿ ಕಚ್ಚದಿರಲಿ ಎಂದು ತರಕಾರಿ ಹೆಚ್ಚುವ ಮೆಟ್ಟುಗತ್ತಿಗೆ, ಬಾಗಿಲ ತಿರುಗಣಿಗೆ, ಮರದ ಪೆಟ್ಟಿಗೆಗೆ, ಕೈಗೆ ಸಿಕ್ಕಿದ ಮಕ್ಕಳ ತಲೆಗೆ ಎಣ್ಣೆ ಹಚ್ಚುವ ಪದ್ಧತಿ. ಅತ್ತೆಯಿಂದ ನನಗೆ ಬಂದದ್ದು. ಕಾರು ಬಂದ ಮೇಲೆ ನಾಲ್ಕು ಟೈರುಗಳಿಗೂ ಹಚ್ಚತೊಡಗಿದೆ. ಕರ್ರಗೆ ಮಿಂಚುತ್ತಿದ್ದವು. ಸ್ಟೆಪ್ನಿಗೂ ತಾರತಮ್ಯ ಮಾಡಲಿಲ್ಲ.

ಹೀಗಿರುವಾಗ ಕುಮಟೆಯಲ್ಲಿ ಬ್ಯಾಂಕಿನಲ್ಲಿರುವ ಮಗಳು ವಿದ್ಯಾ ಬಂದು ಕೈ ಚಾಚಿ ನಿಂತಳು. “ಅಮ್ಮಾ, ಎಪ್ಪತ್ಮೂರು ಆತು. ಹೈವೇ ಮೊದಲಿನ ಹಾಗಿಲ್ಲ. ಕೀ ಕೊಡು, ಎಲ್ಲಿ ಬೇಕಾದ್ರೂ ನಾನೇ ಕರ್ಕಂಡು ಹೋಗ್ತೆ.”

ಅವಳು ಕರೆದುಕೊಂಡು ಹೋಗುವವಳೇ, ಅದರಲ್ಲಿ ಡೌಟ್ ಇಲ್ಲ. ಆದರೆ ಪ್ರತಿ ಸಲ “ಎಂತಕ್ಕೆ? ಯಾವಾಗ? ಮೊನ್ನೆ ಹೋಗಿದ್ಯಲ್ಲ?” ಎಂಬ ಮೂರು ಪ್ರಶ್ನೆ ಪಾಸಾಗಬೇಕು. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಹತ್ತು ವರ್ಷ ಪರ್ಮಿಶನ್ ಕೇಳಿ ಬೆಳೆದವಳು ನಾನು. ಇನ್ನೊಮ್ಮೆ ಕೇಳಲಾರೆ. ಕೀ ಹೋದರೆ ಭಟ್ಕಳ ಹೋಯಿತು, ಸಫಿಯಾ ಹೋದಳು. ಕೊನೆಗೆ ಒಪ್ಪಂದವಾಯಿತು: ದಾರಿಯಲ್ಲಿ ಶಿರಾಲಿಯ ಟೈರ್ ಅಂಗಡಿಯ ಮಂಜು ನಾಯ್ಕರು ನೋಡಿ ಗಾಡಿ ಸರಿಯಾಗಿದೆ ಎಂದರೆ ಕೀ ನನ್ನದು, ಇಲ್ಲವೆಂದರೆ ಅವಳದು. ನಾನು ನಕ್ಕೆ. ಅವಳೂ ಬರಲಿ, ತಾಯಿಯ ಟೈರುಗಳನ್ನು ಪರರು ಹೊಗಳುವುದನ್ನು ಕೇಳಲಿ ಎಂದುಕೊಂಡೆ.

ಆ ಭಾನುವಾರ ಶಿರಾಲಿಯಲ್ಲಿ ಮಂಜು ನಾಯ್ಕರು ಕುಕ್ಕರುಗಾಲಿನಲ್ಲಿ ಕೂತು ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಬಗ್ಗಿ ಮೂಸಿದರು. “ಇದೆಂತ ಅಮ್ಮ, ಹಪ್ಪಳ ಕರಿದ ವಾಸನೆ?”

“ತೆಂಗಿನೆಣ್ಣೆ. ಮನೆಯದ್ದೇ” ಎಂದೆ, ಸಾಕಷ್ಟು ಗತ್ತಿನಿಂದ.

ಅವರು ಎದ್ದು ನಿಂತರು. ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. ಮತ್ತೆ ಕೂತು, ಟೈರಿನ ಪಕ್ಕೆಯನ್ನು ಎರಡೂ ಕೈಯಿಂದ ಅಗಲಿಸಿ ತೋರಿಸಿದರು. ಉಗುರು ಹೋಗುವಷ್ಟು ಬಿರುಕು, ಒಂದಲ್ಲ, ಸುತ್ತಲೂ. “ಎಣ್ಣೆ ರಬ್ಬರನ್ನ ತಿಂತದೆ ಅಮ್ಮ. ವಯಸ್ಸೂ ಆತು ಇದಕ್ಕೆ. ಓಡಿ ಸವೆದದ್ದಾದ್ರೆ ನಾನೆಂತ ಹೇಳ್ತಿರ್ಲಿಲ್ಲ. ಇದು ನಿಂತಲ್ಲೇ ಸತ್ತದ್ದು. ಇದ್ರಲ್ಲಿ ಶರಾವತಿ ಸೇತುವೆ ದಾಟಿ ಬಂದ್ರಾ?”

ವಿದ್ಯಾ ಕೈ ಚಾಚಿದಳು. ನಾನು ಪರ್ಸಿನ ಜಿಪ್ ಎಳೆಯುತ್ತಾ ಸಾಧ್ಯವಾದಷ್ಟು ತಡ ಮಾಡಿದೆ. ಅಷ್ಟರಲ್ಲಿ ನಾಯ್ಕರು, “ತಡೀರಿ, ಪೂರಾ ನೋಡ್ದೆ ಹೇಳೂದಲ್ಲ” ಎಂದು ಪಕ್ಕದಲ್ಲಿ ಕೂತು ನನಗೆ ಅಂಗಡಿಯ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಮೆಲ್ಲಗೆ ಓಡಿಸಲು ಹೇಳಿದರು. ಬ್ರೇಕ್ ಹಾಕಿಸಿದರು, ರಿವರ್ಸ್ ತೆಗೆಸಿದರು. ಇಳಿದವರು ಕೇಳಿದ್ದು ಒಂದೇ: “ಈ ಕ್ಲಚ್ಚು ಮೊದಲಿಂದೇಯಾ?”

“ಮೊದಲಿಂದೇ.”

“ಕ್ಲಚ್ಚು ಇಷ್ಟು ವರ್ಷ ಬಾಳಿದೆ ಅಂದ್ರೆ ಓಡಿಸುವ ಕೈ ಒಳ್ಳೇದದೆ” ಎಂದು ಅವರು ನನಗಲ್ಲ, ವಿದ್ಯಾಳಿಗೆ ಹೇಳಿದರು. “ಗಾಡಿ ಆರೋಗ್ಯವೇ. ಚಪ್ಪಲಿ ಹರಿದದೆ ಅಷ್ಟೇ.”

ಯಾವ ಪ್ರೈಜ್ ಡೇಯಲ್ಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ. ಪರ್ಸ್ ಮುಚ್ಚಿದೆ. ಈಗ ನಾಯ್ಕರು ಎರಡು ನಮೂನೆಯ ಟೈರ್ ಮುಂದಿಟ್ಟರು. “ಇದು ಗಟ್ಟಿದು, ಬಾಳಿಕೆ ಬರ್ತದೆ. ಇದು ಮೆತ್ತಂದು, ಮಳೇಲೂ ರಸ್ತೆ ಗಟ್ಟಿ ಹಿಡೀತದೆ, ಆದ್ರೆ ಬೇಗ ಸವೀತದೆ. ಯಾವುದು ಹಾಕೂದು?”

ಜೀವಮಾನವಿಡೀ ಬಾಳಿಕೆಯದನ್ನೇ ಆರಿಸಿದವಳು ನಾನು: ಸೀರೆ, ಛತ್ರಿ, ಗಂಡ. ಅದರಲ್ಲಿ ಒಂದೂ ನಾನಂದುಕೊಂಡಷ್ಟು ದಿನ ಬರಲಿಲ್ಲ. “ಮೆತ್ತಂದೇ ಹಾಕಿ” ಎಂದೆ.

“ಓಡಿಸಿ ಸವೆಸ್ಬೇಕು ಮತ್ತೆ. ಎಣ್ಣೆ ತಾಗಿಸ್ಬೇಡಿ.”

“ಸವೆಸ್ತೇನೆ.”

ಶಿರಾಲಿಯಿಂದ ಭಟ್ಕಳಕ್ಕೆ ಹೆಚ್ಚೇನು ದೂರವಿಲ್ಲ. ಯಾವಾಗಲೂ ನಲವತ್ತರಲ್ಲೇ ಧ್ಯಾನ ಮಾಡುವ ಸ್ಪೀಡಿನ ಮುಳ್ಳು ಅಂದು ಐವತ್ತೈದು ದಾಟಿತು. ವಿದ್ಯಾ ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಂಡಳು. ಮುಂದೆ ಬಂದರಿಗೆ ಐಸ್ ಒಯ್ಯುವ ಟೆಂಪೋ ಒಂದಿತ್ತು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ಉಸಿರು ಹಿಡಿದೆ, ಬಲಕ್ಕೆ ತಿರುಗಿಸಿದೆ. ದಾಟಿದೆ. ನನ್ನ ಡ್ರೈವಿಂಗಿನ ಇಷ್ಟು ವರ್ಷಗಳಲ್ಲಿ ಮೊದಲ ಓವರ್‌ಟೇಕ್.

ಸಫಿಯಾಳ ಮನೆಯ ಮೆಟ್ಟಿಲು ಹತ್ತುವ ಮೊದಲೇ ಈ ಸುದ್ದಿ ಹೇಳಿದೆ. ಎಣ್ಣೆಯ ವಿಷಯ ಹೇಳಲಿಲ್ಲ. ಚರ್ಚೆಯಲ್ಲಿ ಎದುರಾಳಿಗೆ ಪಾಯಿಂಟ್ ಕೊಡಬಾರದೆಂದು ನಮಗೆ ಕಾನ್ವೆಂಟಿನಲ್ಲೇ ಕಲಿಸಿದ್ದರು. ಸಫಿಯಾ ಬೆರಗಾಗಿ ನನ್ನ ಬೆನ್ನು ತಟ್ಟುತ್ತಿದ್ದಾಗ ವಿದ್ಯಾ ಚಪ್ಪಲಿ ಬಿಡುತ್ತಾ, “ಆಂಟೀ, ಆ ಟೆಂಪೋ ನಿಂತಿತ್ತು” ಎಂದಳು.

ಶುದ್ಧ ಸುಳ್ಳು. ನಿಲ್ಲುವುದರಲ್ಲಿತ್ತು, ನಿಂತಿರಲಿಲ್ಲ. ಅದರ ಹಿಂದಿನ ಚಕ್ರ ಇನ್ನೂ ತಿರುಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.