ಅವ್ವನ ಪದಕ್ಕೆ ಆತ್ಮಾರಾಮನ ಸೆಟ್ಟಿಂಗು

ಕಂಪ್ಯೂಟರಿನ ಸೆಟ್ಟಿಂಗುಗಳು ಕೀಬೋರ್ಡಿನ ಹೊಟ್ಟೆಯೊಳಗೆ ಇರುತ್ತವೆ ಎಂದು ಆತ್ಮಾರಾಮ ಬಹುಕಾಲ ನಂಬಿದ್ದ. ನಾರಾಯಣಖೇಡದಿಂದ ಜಹೀರಾಬಾದಿಗೆ ವರ್ಗವಾದಾಗ ಹಳೆ ಕಚೇರಿಯ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ತರುವಂತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ! ಹೊಸ ಕಚೇರಿಯ ಮಿಲಿಂದ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಬ್, ಅಕ್ಷರದ ಸೈಜು, ಬಣ್ಣ, ನೀವು ಹಾಕಿದ ರೂಲು ಎಲ್ಲಾ ಒಂದು ಫೈಲಿನಾಗ ಸೇವ್ ಆಗ್ತಾವ. ಪೆನ್‌ಡ್ರೈವಿನಾಗ ಹಾಕ್ಕೊಂಡು ಎಲ್ಲಿ ಬೇಕಲ್ಲಿ ಲೋಡ್ ಮಾಡ್ರಿ."

ಅಂದಿನಿಂದ ಆತ್ಮಾರಾಮನ ಕೊರಳಲ್ಲಿ ಪೆನ್‌ಡ್ರೈವ್ ತಾಯಿತದಂತೆ ತೂಗತೊಡಗಿತು. "ನಾ ಎಲ್ಲಿ ಕೂಡ್ತೀನೋ ಅದೇ ನನ್ನ ಕಂಪ್ಯೂಟರ್!" ಎಂದು ಊರಿಗೆಲ್ಲ ಸಾರಿದ.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನೌಕರರೆಲ್ಲ ಸಮ್ಮೆ ಹೂಡಿದ್ದ ಕಾಲವದು. ಬಸ್ಸಿಲ್ಲ, ಕಚೇರಿಯಿಲ್ಲ. ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ಊಟ, ರಸ್ತೆಯಲ್ಲೇ ಹಾಡು. ಆ ಬೀದಿಯ ಬೇಳೆಸಾರಿನ ವಾಸನೆ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಕಂಗ್ಟಿ ಕಡೆಯ ಕನ್ನಡ ಮಾತಾಡುವ ಹಳ್ಳಿಗಳಿಗೆ ಕನ್ನಡದಲ್ಲಿ ಕರಪತ್ರ ಟೈಪು ಮಾಡುವ ಮಹಾಹೊಣೆ ಆತ್ಮಾರಾಮನ ಹೆಗಲಿಗೆ ಬಿತ್ತು. ಬೆರಳಿಗೆ ನೋವಾಗದಿರಲೆಂದು ಅವನು ಟೈಪು ಮಾಡುವ ಸಾಫ್ಟ್‌ವೇರಿಗೆ ಪದಗಳು ತಾವಾಗಿ ಬದಲಾಗುವಂತೆ ಎರಡು ರೂಲು ಹಾಕಿದ. ಸೇವ್ ಒತ್ತಿದೊಡನೆ 'ಬೇಕು' ಎಂದಿದ್ದಲ್ಲೆಲ್ಲ 'ಬೇಕೇ ಬೇಕು! ಜೈ ತೆಲಂಗಾಣ!' ಆಗುವುದು. ಅಣ್ಣ, ತಮ್ಮ, ಅಕ್ಕ, ಅವ್ವ ಎಲ್ಲರೂ, ಯಾರಿಗೂ ಮುನಿಸು ಬಾರದಂತೆ, 'ಬಂಧುಗಳೇ' ಆಗುವರು!

ಅದೇ ದಿನಗಳಲ್ಲಿ ಅವನ ಹೆಂಡತಿ ಕೌಶಲ್ಯಾ, ತೀರಿಹೋದ ತನ್ನ ತಾಯಿ ಲಕ್ಷ್ಮಿಬಾಯಿ ಜೋಳ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಮನೆಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಮುಗಿಸಿದ್ದಳು. ಮರುದಿನ ಕಂಗ್ಟಿಯಲ್ಲಿ ಆ ತಾಯಿಯ ವರ್ಷದ ತಿಥಿ. ಬಂದ ಹೆಂಗಸರೆಲ್ಲ ಹಾಳೆ ಹಿಡಿದು ಆ ಪದ ಹಾಡಲಿ ಎಂಬುದು ಅವಳ ಆಸೆ. ಬಸ್ಸಿಲ್ಲದ್ದರಿಂದ ತಮ್ಮ ಸಂಜೀವಕುಮಾರ ಮೋಟರ್‌ಸೈಕಲ್ ತಂದು ಅಕ್ಕನಿಗಾಗಿ ಕಾಯುತ್ತಿದ್ದ.

"ತಮ್ಮಗ ನಾಲ್ಕು ರೊಟ್ಟಿ ಬಡೀತೀನಿ. ಅವ್ವನ ಪದಕ್ಕ ಕೈ ಹಚ್ಚಬ್ಯಾಡ್ರಿ," ಎಂದು ಕೌಶಲ್ಯಾ ಒಳಗೆ ಹೋದಳು.

ಹಾಗೆ ಹೇಳಿದ ಮೇಲೂ ಸುಮ್ಮನಿರುವುದು ಆತ್ಮಾರಾಮನ ಸೆಟ್ಟಿಂಗಿನಲ್ಲೇ ಇರಲಿಲ್ಲ! "ಇಷ್ಟು ದಪ್ಪ ಅಕ್ಷರ! ಅಂಗಡಿ ಬೋರ್ಡೇನು?" ಎಂದವನೇ ಪೆನ್‌ಡ್ರೈವ್ ಚುಚ್ಚಿ ತನ್ನ ಸೆಟ್ಟಿಂಗ್ ಲೋಡ್ ಮಾಡಿದ. ಅಕ್ಷರಗಳು ಇರುವೆಯ ಸಾಲಾದವು. ಸೇವ್ ಒತ್ತಿದ, ಮುಚ್ಚಿದ, ಮತ್ತೆ ತೆರೆದು ಪ್ರಿಂಟ್ ಕೊಟ್ಟ. ಸಂಜೀವಕುಮಾರ ಹಾಳೆಯನ್ನು ಮೂಗಿಗೆ ತಂದು ಜೋರಾಗಿ ಓದಿದ:

"ತೊಗರಿ ಹೂ ಬಿಟ್ಟಾವ, ಬಂಧುಗಳೇ ಬರಬೇಕೇ ಬೇಕು! ಜೈ ತೆಲಂಗಾಣ! ಬಂಧುಗಳೇನ ಕೈಯ ಬಿಸಿ ರೊಟ್ಟಿ ತಿನಬೇಕೇ ಬೇಕು! ಜೈ ತೆಲಂಗಾಣ!" ಹಾಳೆ ಇಳಿಸಿ ಅಂದ: "ಮಾಮಾ, ಇದನ್ನ ಹಾಡಿದ್ರ ನಾಳೆ ತಿಥಿಗಿ ಕಾಗಿಗಿಂತ ಮೊದಲ ಪೊಲೀಸರು ಬರ್ತಾರ!"

ಕೌಶಲ್ಯಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಓದಿದಳು. ನಗಲಿಲ್ಲ.

"ಇದರಾಗ ನಮ್ಮವ್ವ ಎಲ್ಲಿ ಹೋದಳ್ರೀ?"

"ಘಾಬರಿ ಆಗಬ್ಯಾಡ! ನಿನ್ನ ಹಳೇ ಸೆಟ್ಟಿಂಗ್ ಲೋಡ್ ಮಾಡಿದ್ರ ಎಲ್ಲಾ ವಾಪಸ್ ಬರ್ತದ!"

ಮಾಡಿದ. ಅವಳ ದಪ್ಪ ಅಕ್ಷರಗಳು ಮರಳಿ ಬಂದವು. 'ಜೈ ತೆಲಂಗಾಣ' ಈಗ ಅಂಗೈ ಅಗಲವಾಗಿ ಕಾಣಿಸಿತು! ಅವ್ವ ಮಾತ್ರ ಬರಲಿಲ್ಲ.

ಯಾವ ಬಂಧು ತಮ್ಮ, ಯಾವ ಬಂಧು ಅವ್ವ? ಹಾಳೆ ನೋಡಿದಷ್ಟೂ ಕೌಶಲ್ಯಾಗೆ ಗೊಂದಲವೇ ಹೆಚ್ಚಾಯಿತು. ಕಡೆಗೆ ಅವಳು ಪೆನ್‌ಡ್ರೈವನ್ನು ಕಿತ್ತು ರೊಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟಳು. ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ತಾಯಿಯ ಬೀಸುಕಲ್ಲನ್ನು ಎಳೆಸಿ, ಹಿಡಿ ಜೋಳ ಹಾಕಿ, ಗೂಟ ಹಿಡಿದು ತಿರುಗಿಸಿದಳು.

"ನಾ ಹಾಡ್ತೀನಿ. ನೀವು ಬರೇ ಟೈಪ್ ಮಾಡ್ರಿ. ಪಿಟ್ ಅನ್ನಬ್ಯಾಡ್ರಿ."

ಕಲ್ಲು ಗುರುಗುಟ್ಟಿತು. ಕೈ ತಿರುಗಿದಂತೆ ಪದ ತಾನಾಗಿ ಉದುರಿತು. ತೊಗರಿ ಹೂ ಬಿಟ್ಟಾವ, ತಮ್ಮ ಬರಬೇಕು. ಅವ್ವನ ಕೈಯ ಬಿಸಿ ರೊಟ್ಟಿ ತಿನಬೇಕು. ಬಾಗಿಲಲ್ಲಿ ನಿಂತ ಸಂಜೀವಕುಮಾರ ಟವೆಲಿನಿಂದ ಕಣ್ಣೊರೆಸಿಕೊಂಡ. ಸರ್ಕಾರದೆದುರೂ ಬಾಗದ ಆತ್ಮಾರಾಮನ ತಲೆ ಕೀಬೋರ್ಡಿನ ಮೇಲೆ ಬಾಗಿತ್ತು. ಕಡೆಯ ಸಾಲು ಮುಗಿದ ಮೇಲೇ ಅವನು ತಲೆಯೆತ್ತಿದ.

"ಏ ಕೌಶಲ್ಯಾ, ಇಷ್ಟು ಛಂದ ಹಾಡ್ತಿ! ಇಷ್ಟು ವರ್ಷ ನನ್ನ ಕಿವಿಗಿ ಯಾಕ ಬಿದ್ದಿಲ್ಲ?"

ಕೌಶಲ್ಯಾ ಹಿಟ್ಟು ಬಳಿಯುತ್ತಲೇ ಹೇಳಿದಳು:

"ಊರೆಲ್ಲಾ ಬಂದ್ ಆದ್ರೂ ನಿಮ್ಮ ಬಾಯಿ ಒಂದು ದಿನನೂ ಬಂದ್ ಆಗಿದ್ದಿಲ್ಲಲ್ರೀ!"