ವೀರಭದ್ರಪ್ಪನವರು ಮಗಳಿಗೆ ಕೊಟ್ಟ ಮಾತಿನ ವಿಚಾರ

ಬೈಕುಲ್ಲಾ, ಮುಂಬಯಿ
ಮಾರ್ಚ್ ೧೯೭೪

ಜೋಡಿ ಗಂಟೆ ಚಹಾ ಕಂಪನಿಯವರ ಆಶ್ರಯದಲ್ಲಿ ರವಿವಾರ ಮಧ್ಯಾಹ್ನ ರೇಡಿಯೋದಲ್ಲಿ ಬರುವ ‘ಪಡಸಾಲೆ ಸಂಸಾರ’ ನಾಟಕದ ಲೇಖಕರಿಗೆ,

ಮಾನ್ಯರೇ,

ತಮ್ಮ ಆರೋಗ್ಯ ಚೆನ್ನಾಗಿದೆ, ಪೆನ್ನಿನಲ್ಲಿ ಮಸಿ ತುಂಬಿದೆ, ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ವಯಸ್ಸುಗಳ ಸಮೇತ ಕ್ಷೇಮವಾಗಿದ್ದಾರೆ ಎಂದು ನಂಬಿ, ನಮ್ಮ ಚಾಳಿನ ಎರಡನೆಯ ಮಾಳಿಗೆಯ ಸಮಸ್ತರ ಪರವಾಗಿ ನಾನು ರಜಿಯಾ ಮಾಡುವ ಸಲಾಮು ಮತ್ತು ನಮಸ್ಕಾರಗಳು. ನಾನು ಬಿಜಾಪುರದ ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮ ಯಜಮಾನರಾದ ಉಸ್ಮಾನ ವಿಕ್ರೋಳಿಯ ಕಾರಖಾನೆಯೊಂದರಲ್ಲಿ ಫಿಟ್ಟರ್. ಮಾಳಿಗೆಯಲ್ಲಿ ಗೊರಗೊರ ಎನ್ನದೆ ಮಾತಾಡುವ ರೇಡಿಯೋ ಇರುವುದು ನಮ್ಮ ಖೋಲಿಯಲ್ಲಿ ಮಾತ್ರವಾದ್ದರಿಂದ, ರವಿವಾರ ಊಟ ಮಾಡಿದ ಕೈ ಒಣಗುವ ಮೊದಲೇ ಕನ್ನಡ ಬಲ್ಲವರೆಲ್ಲ ನಮ್ಮಲ್ಲಿ ಸೇರುತ್ತಾರೆ. ಜಾಗ ಸಾಲದವರು ಹೊರಗಿನ ಗ್ಯಾಲರಿಯಲ್ಲಿ ಕೂತು, ಕಿಟಕಿಯೊಳಗೆ ಕಿವಿ ಇಟ್ಟು ಕೇಳುತ್ತಾರೆ.

ತಮ್ಮ ಔದಾರ್ಯವನ್ನು ನಾವು ಮೊದಲಿನಿಂದಲೂ ಕೊಂಡಾಡುತ್ತ ಬಂದವರು. ದೀಪಾವಳಿಯಲ್ಲಿ ತಾವು ಶಹನಾಯಿ ಬಾರಿಸಿ ಸ್ವರ್ಗಕ್ಕೆ ಕಳಿಸಿಕೊಟ್ಟ ನಾಟಕದ ಅಜ್ಜಿ ಸಂಕ್ರಾಂತಿಗೆ ಎದ್ದು ಬಂದು ಎಳ್ಳು ಬೆಲ್ಲ ಹಂಚಿದಾಗ, ಉಸ್ಮಾನರು ಗಾಬರಿಯಿಂದ “ಅರೇ, ಬುಡ್ಡಿ ಮರ್ ಗಯೀ ಥೀ ನಾ?” ಎಂದು ಕೇಳಿದ್ದು ನಿಜ. ಆದರೆ ಎದುರು ಖೋಲಿಯ ರುದ್ರವ್ವ ಕಾಕಿ, “ಸತ್ತಾಕಿ ಹಬ್ಬಕ್ಕ ಬಂದ್ರ ಒಳ್ಳೇದ ಬಿಡಪಾ, ಯಾರ್ ಬ್ಯಾಡಂತಾರ?” ಎಂದು ಸಮಾಧಾನ ಹೇಳಿದರು. ನಾಟಕದ ಮನೆಯ ಯಜಮಾನ ವೀರಭದ್ರಪ್ಪನವರು ಒಂದು ವಾರ ನಿವೃತ್ತ ಪೋಸ್ಟ್ ಮಾಸ್ತರರಾಗಿದ್ದು ಇನ್ನೊಂದು ವಾರ ನಿವೃತ್ತ ಶಾಲಾ ಮಾಸ್ತರರಾದಾಗಲೂ, ಚಹಾ ಕುಡಿದರೆ ಎದೆ ಉರಿಯುತ್ತದೆ ಎಂದು ನರಳಿದ ಬಾಯಿಯಿಂದಲೇ ಜೋಡಿ ಗಂಟೆ ಚಹಾದ ಗುಣಗಾನ ಮಾಡಿದಾಗಲೂ ನಾವು ಪತ್ರ ಬರೆಯಲಿಲ್ಲ. ದೊಡ್ಡ ಸಂಸಾರ, ಲೇಖಕರು ಎಷ್ಟೆಂದು ನೆನಪಿಟ್ಟುಕೊಂಡಾರು ಎಂದು ತಮ್ಮ ಪರವಾಗಿ ನಾವೇ ವಾದಿಸಿದೆವು.

ಆದರೆ ಮಾನ್ಯರೇ, ಮೊನ್ನೆ ತಾವು ಕೈ ಹಾಕಿದ್ದು ನೀಲಾಳ ಬದುಕಿಗೆ.

ನೀಲಾ ರುದ್ರವ್ವ ಕಾಕಿಯ ಮಗಳು. ಅವಳ ತಂದೆ ಮುರಿಗೆಪ್ಪ ಕಾಕಾ ಧಾರವಾಡ ಕಡೆಯವರು, ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ದಲ್ಲಾಳಿ. ಅವರಿಗೆ ಈ ಊರಿನಲ್ಲಿ ಯಾರ ಮಾತೂ ರುಚಿಸುವುದಿಲ್ಲ, ತಮ್ಮ ವೀರಭದ್ರಪ್ಪನವರ ಮಾತೊಂದನ್ನು ಬಿಟ್ಟು. “ಗಂಡಸು ಅಂದ್ರ ಅಂವ ನೋಡ್ರಿ” ಎನ್ನುತ್ತಿದ್ದರು. ಹೋದ ತಿಂಗಳು ಬಾಂದ್ರಾದ ಒಂದು ಆಫೀಸಿನಲ್ಲಿ ನೀಲಾಳಿಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ತಾಯಿಗೂ ನನಗೂ ಹೇಳಿದಳು. ತಂದೆಗೆ ಹೇಳುವ ಧೈರ್ಯ ನಮ್ಮ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ. ಅಷ್ಟರಲ್ಲಿ, ತಮ್ಮ ಲೇಖನಿಗೆ ಒಳ್ಳೆಯದಾಗಲಿ, ನಾಟಕದಲ್ಲಿ ವೀರಭದ್ರಪ್ಪನವರ ಮಗಳು ಕಸ್ತೂರಿಗೂ ನೌಕರಿ ಸಿಕ್ಕಿಬಿಟ್ಟಿತು. ವೀರಭದ್ರಪ್ಪನವರು ಕೆಮ್ಮಿ, ಅಳುತ್ತ “ಹೋಗವ್ವಾ, ನಿನ್ನ ಕಾಲ ಮ್ಯಾಲ ನೀ ನಿಲ್ಲು. ಯಾರರ ಕೇಳಿದ್ರ ನಮ್ಮಪ್ಪ ಕಳಿಸ್ಯಾನ ಅಂತ ಹೇಳು” ಎಂದರು. ನಮ್ಮ ಖೋಲಿಯಲ್ಲಿ ಅಳದವರಿಲ್ಲ. ಮುರಿಗೆಪ್ಪ ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಣ್ಣು ಒಣಗುವ ಮೊದಲೇ ನೀಲಾ ಎದ್ದು ನಿಂತಳು.

“ಅಪ್ಪಾ, ನನಗೂ ಬಾಂದ್ರಾದಾಗ ಕೆಲಸ ಸಿಕ್ಕೈತಿ. ಹೋಗ್ಲ್ಯಾ?”

ಎಲ್ಲರೂ ಕಾಕಾನ ಮುಖ ನೋಡಿದೆವು. ಅವರು ರೇಡಿಯೋ ಕಡೆ ನೋಡಿದರು. ಅಲ್ಲಿ ಚಹಾದ ಹಾಡು ನಡೆದಿತ್ತು.

“ವೀರಭದ್ರಪ್ಪನಽ ಕಳಿಸಿದ ಮ್ಯಾಲ ನಾ ಯಾವಾಂವ ಬ್ಯಾಡನ್ನಾಕ?” ಎಂದರು. “ಹೋಗವ್ವಾ.”

ಸೋಮವಾರ ನೀಲಾ ಇಸ್ತ್ರಿ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಹೋದಳು. ಒಂದು ವಾರ ಆ ಹುಡುಗಿ ಮೆಟ್ಟಿಲು ಹತ್ತುವ ಸದ್ದೇ ಬೇರೆಯಾಗಿತ್ತು. ಮುಂದಿನ ರವಿವಾರ ನಾವೆಲ್ಲ ಸಂಭ್ರಮದಿಂದ ಕೂತರೆ, ತಮ್ಮ ವೀರಭದ್ರಪ್ಪನವರು ಗುಡುಗಿದರು: “ನಮ್ಮ ಮನೆತನದ ಹೆಣ್ಣುಮಕ್ಕಳು ಹೊಸ್ತಿಲಾ ದಾಟಿ ದುಡಿಯೋದಾ? ಇಂಥ ಮಾತು ನಾ ಕನಸಿನ್ಯಾಗೂ ಆಡಿಲ್ಲ!”

ಮುರಿಗೆಪ್ಪ ಕಾಕಾ ನಿಧಾನವಾಗಿ ಎದ್ದರು. “ಕೇಳಿದ್ಯೇನವಾ? ನಾಳಿಂದ ಬ್ಯಾಡ” ಎಂದು ತಮ್ಮ ಖೋಲಿಗೆ ಹೋಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಆಮೇಲೆ ಎರಡು ದಿನ ನಮ್ಮ ಗ್ಯಾಲರಿಯಲ್ಲಿ ನಡೆದ ವಾದವನ್ನು ಕೇಳಿದ್ದರೆ ತಾವು ವಕೀಲರಾಗದೆ ಲೇಖಕರಾದದ್ದಕ್ಕೆ ಮರುಗುತ್ತಿದ್ದಿರಿ. ಮೂಲೆ ಖೋಲಿಯ ಬೇಕರಿ ಅಮೀರಸಾಬರು, ಮೊದಲ ವಾರ ವೀರಭದ್ರಪ್ಪನಿಗೆ ಜ್ವರವಿತ್ತು, ಜ್ವರದಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ ಎಂದರು. ಜ್ವರ ಬಂದದ್ದು ಎರಡನೆಯ ವಾರ, ಆದ್ದರಿಂದ ಸಿಟ್ಟೇ ಲೆಕ್ಕಕ್ಕಿಲ್ಲ ಎಂದು ನಾನೆಂದೆ. ಉಸ್ಮಾನರ ಪ್ರಕಾರ ಆ ಮನೆಯಲ್ಲಿ ಒಂದೇ ದನಿಯ ಅವಳಿ ಅಣ್ಣತಮ್ಮಂದಿರಿದ್ದಾರೆ. ರುದ್ರವ್ವ ಕಾಕಿ ಮಾತ್ರ ಬಾಗಿಲಿನ ಕುರ್ಚಿಗೆ ಕೇಳುವಂತೆ, “ಅತ್ತಾಂವ ಖರೆ, ಒದರಾಂವ ಸುಳ್ಳ. ನನಗೇನ ಗಂಡಸರು ಹೊಸಬರಾ?” ಎಂದರು. ಎಲ್ಲರೂ ನಕ್ಕೆವು. ನೀಲಾ ನಗಲಿಲ್ಲ. ಜ್ವರದ ನೆಪ ಹೇಳಿ ಆಫೀಸಿಗೆ ಚೀಟಿ ಕಳಿಸಿದ್ದಳು. ವಾರ ಕಳೆಯುವುದರೊಳಗೆ ಬಾರದಿದ್ದರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಉತ್ತರ ಬಂದಿತ್ತು. ಅವಳು ಅಳುತ್ತಿರಲಿಲ್ಲ, ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆಯುತ್ತಿದ್ದಳು.

ಬುಧವಾರ ನನ್ನಿಂದ ತಡೆಯಲಾಗಲಿಲ್ಲ. “ಕಾಕಾ, ನಾವ್ಯಾಕ ಜಗಳಾಡೋದು? ವೀರಭದ್ರಪ್ಪನವರನ್ನ ಕೇಳೋಣ ನಡೀರಿ” ಎಂದೆ. ಕಾಕಾ ತೊಳೆದ ಧೋತರ, ಕರಿ ಕೋಟು, ಟೊಪ್ಪಿಗೆ ಹಾಕಿ, ಹಿರಿಯರನ್ನು ಬರಿಗೈಯಲ್ಲಿ ನೋಡಬಾರದೆಂದು ಒಳ್ಳೆಯ ಉಳ್ಳಾಗಡ್ಡಿಯ ಚೀಲವೊಂದನ್ನು ಹೆಗಲಿಗೇರಿಸಿದರು. ಚಹಾ ಕಂಪನಿಯ ಆಫೀಸಿನವರು ದಾದರಿನ ಸ್ಟುಡಿಯೋಕ್ಕೆ ಕಳಿಸಿದರು. ಅಲ್ಲಿ ತಾವಿರಲಿಲ್ಲ, ತಾವು ಯಾವಾಗಲೂ ಇರುವುದಿಲ್ಲವಂತೆ. ವೀರಭದ್ರಪ್ಪನವರು ಇದ್ದರು. ಮೀಸೆ ಸರಿಯಾಗಿ ಬಾರದ, ಸಣಕಲು ಮೈಯ, ಶೇಖರ ಎಂಬ ತರುಣ. ಬಟಾಟೆ ವಡೆ ತಿನ್ನುತ್ತಿದ್ದ. ನಾನು ನಂಬಲಿಲ್ಲ. ಆದರೆ ಅವನು “ಯಾರ ಬೇಕಾಗಿತ್ರಿ?” ಎಂದದ್ದೇ ತಡ, ಆ ದನಿಗೆ ಕಾಕಾನ ಕೈಗಳು ತಾವಾಗಿಯೇ ಜೋಡಿಸಿಕೊಂಡವು.

“ನಮಸ್ಕಾರ್ರಿ ಹಿರಿಯಾರ. ಒಂದ ಮಾತ ಕೇಳೂದೈತಿ. ಕಸ್ತೂರಿಗೆ ಹೋಗು ಅಂದ್ರಿ. ಮರುವಾರ, ನಾ ಅಂದೇ ಇಲ್ಲ ಅಂದ್ರಿ. ಯಾವುದು ಖರೆ?”

ತರುಣ ವಡೆ ಕೆಳಗಿಟ್ಟ. ಪಾಪ, ನಿಜವಾಗಿಯೂ ಯೋಚಿಸಿದ. “ಹೋಗು ಅಂದಿದ್ನ್ಯಾ? ನನಗ ನೆನಪಿಲ್ರಿ ಕಾಕಾ. ಕೊಟ್ಟದ್ದು ಓದ್ತೀನಿ, ಹೊರಗ ಬಂದ ಕೂಡ್ಲೆ ಮರತಬಿಡ್ತೀನಿ.”

“ಅತ್ತಿದ್ರೆಲ್ಲರಿ ನೀವು!”

“ಅಲ್ಲಿ ‘ಅಳುತ್ತಾ’ ಅಂತ ಬರದಿತ್ತೇನೋ.”

ಕಾಕಾ ಉಳ್ಳಾಗಡ್ಡಿ ಚೀಲವನ್ನು ಕೊಡದೆಯೇ ಮತ್ತೆ ಹೆಗಲಿಗೇರಿಸಿಕೊಂಡು ಹೊರಗೆ ಬಂದರು. ಲೋಕಲ್ ಗಾಡಿ ಪರೇಲ್ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ರಜಿಯಾ, ಮಗಳಿಗೆ ಕೊಟ್ಟ ಮಾತು ಹ್ಯಾಂಗ ಮರೀತೈತಿ ಅಪ್ಪ ಆದಾಂವಗ?”

“ಅಂವ ನಾಟಕದ ಅಪ್ಪ, ಕಾಕಾ.”

“ನಾಟಕದಾಂವ ಆದ್ರೇನು?” ಎಂದು ಅವರು ಗಾಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ದನಿ ಏರಿಸಿದರು. “ಅಪ್ಪ ಅಂದ್ರ ಅಪ್ಪನಽ! ನಾ ಏನಂದೆ ಅನ್ನೂದು ನನಗ ನೆನಪೈತಿ. ಯಾರೂ ಬರದುಕೊಟ್ಟಿದ್ದಿಲ್ಲ. ನಾಳೆ ನೀಲಾ ಹೋಗ್ತಾಳ.”

ಗುರುವಾರ ಬೆಳಿಗ್ಗೆ ಕಾಕಾ ಮಗಳ ಡಬ್ಬಿಯನ್ನು ತಾವೇ ಹಿಡಿದು ಸ್ಟೇಷನ್ನಿನವರೆಗೆ ಹೋದರು. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ, ಕೇಳದವರಿಗೂ, “ಮಗಳು. ಆಫೀಸಿಗೆ ಹೊಂಟಾಳ. ನಾನಽ ಕಳಿಸೀನಿ” ಎಂದರಂತೆ. ನೀಲಾ ನಾಚಿಕೆಯಿಂದ ಹತ್ತು ಹೆಜ್ಜೆ ಮುಂದೆ ನಡೆದಳಂತೆ.

ಹೀಗೆ, ಮಾನ್ಯರೇ, ತಮ್ಮ ಮರೆವಿನಿಂದ ಹಾಳಾಗಬೇಕಿದ್ದದ್ದು ತಮ್ಮ ಮರೆವಿನಿಂದಲೇ ಸರಿಹೋಯಿತು. ಆದ್ದರಿಂದ ದೂರು ಎಲ್ಲಿ ಮುಗಿಯುತ್ತದೆ, ಧನ್ಯವಾದ ಎಲ್ಲಿ ಶುರುವಾಗುತ್ತದೆ ಎಂದು ನನಗೇ ತಿಳಿಯುತ್ತಿಲ್ಲ. ಈ ರವಿವಾರ ಕಸ್ತೂರಿಯ ನೌಕರಿಯ ಮಾತೇ ಇಲ್ಲ. ಅವಳು ಆರನೆಯ ಇಯತ್ತೆಯಲ್ಲಿ ಗಣಿತದಲ್ಲಿ ನಪಾಸಾಗಿದ್ದಾಳೆ. ಮುರಿಗೆಪ್ಪ ಕಾಕಾ ಉಸಿರುಗಟ್ಟುವಂತೆ ನಕ್ಕರು. ಈಗ ಅವರು ವೀರಭದ್ರಪ್ಪನವರ ಪ್ರತಿ ಮಾತಿಗೂ ರೇಡಿಯೋದ ಮುಖಕ್ಕೇ ಉತ್ತರ ಕೊಡುತ್ತಾರಾದ್ದರಿಂದ ಮುಂದಿನ ಸಾಲು ನಮಗಾರಿಗೂ ಕೇಳಿಸುವುದಿಲ್ಲ. ದಯಮಾಡಿ ವೀರಭದ್ರಪ್ಪನವರು ಒಂದೊಂದು ವಾಕ್ಯಕ್ಕೂ ನಿಂತು, ಬೈಕುಲ್ಲಾದಿಂದ ಬರುವ ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, ಬಳಿಕ ಮುಂದುವರಿಯುವಂತೆ ಏರ್ಪಾಡು ಮಾಡಬೇಕೆಂದು ಕೋರುತ್ತೇವೆ. ಆ ತರುಣನಿಗೆ ನಮ್ಮ ಆಶೀರ್ವಾದ ತಿಳಿಸಿರಿ. ಅವನದೇನೂ ತಪ್ಪಿಲ್ಲ, ಅವನ ಅಳು ಬಹಳ ಚೆನ್ನಾಗಿತ್ತು.

ಮುಂದಿನ ರವಿವಾರವೂ ತಪ್ಪದೆ ಜಗಳಾಡಲು ಕಾದಿರುವ,
ತಮ್ಮ ವಿಶ್ವಾಸಿ,
ರಜಿಯಾ ಉಸ್ಮಾನ

ತಾ. ಕ.: ಇದರೊಂದಿಗೆ ಎರಡು ಹಾಳೆ ಕಾರ್ಬನ್ ಕಾಗದ ಇಟ್ಟಿದ್ದೇನೆ. ತಾವು ಬರೆದದ್ದರ ಒಂದು ಪ್ರತಿ ತಮ್ಮ ಬಳಿಯೂ ಉಳಿಯಲಿ ಎಂದು ನೀಲಾ ಕೊಟ್ಟಳು. ಕಪ್ಪು ಬದಿ ಕೆಳಗೆ ಇರಬೇಕಂತೆ. ಮೇಲಿಟ್ಟರೆ ತಾವು ಬರೆದದ್ದು ತಮ್ಮ ಹಾಳೆಯ ಬೆನ್ನಿಗೇ ತಿರುವುಮುರುವಾಗಿ ಮೂಡುತ್ತದೆಯಂತೆ. ಇಷ್ಟು ದಿನ ಹಾಗೆಯೇ ಆಗಿರಬೇಕು ಎಂಬುದು ರುದ್ರವ್ವ ಕಾಕಿಯ ಅಭಿಪ್ರಾಯ.